ವಿಮಾನದ ಬಾಲಕ್ಕೆ ಆಸರೆ
(ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ವಿಮಾನದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿದ್ದಾರೆ. ವಿಮಾನ ಎಂದ ಕೂಡಲೇ ಎಲ್ಲರೂ ತಲೆ ಎತ್ತಿ ಆಕಾಶ ನೋಡುತ್ತಾರೆ. ನಾನು ಮಾತನಾಡುವುದು ಹಾರದೆ ಹ್ಯಾಂಗರಿನಲ್ಲಿ ನಿಂತ ವಿಮಾನದ ಬಗ್ಗೆ, ಅದರಲ್ಲೂ ಅದರ ಬಾಲದ ಬಗ್ಗೆ. ರಿಪೇರಿಗೆ ನಿಲ್ಲಿಸಿದಾಗ ಆ ಬಾಲವನ್ನು ಎತ್ತಿ ಹೇಗೆ ಆನಿಸಿಡಬೇಕು ಎಂಬುದೇ ವಿಷಯ. ಇಷ್ಟು ಸಣ್ಣದಕ್ಕೆ ಒಂದು ಭಾಷಣವೇ ಎಂದು ನೀವು ಕೇಳಬಹುದು. ಸಣ್ಣದು ಎಂದುಕೊಂಡದ್ದರಿಂದಲೇ ಅಲ್ಲಿ ಕೈ ಮುರಿಯುತ್ತದೆ, ಪ್ರೊಪೆಲ್ಲರ್ ಮುರಿಯುತ್ತದೆ.

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ದೊಡ್ಡ ವಿಮಾನಗಳು ದಿನವೂ ಕಾಣುತ್ತವೆ. ಅವುಗಳಿಗೆ ಮೂಗಿನ ಕೆಳಗೆ ಜೋಡಿ ಚಕ್ರ, ಹೊಟ್ಟೆಯ ಕೆಳಗೆ ಉಳಿದ ಚಕ್ರಗಳು. ಹಿಂದಿನ ಸಣ್ಣ ವಿಮಾನಗಳು ಹಾಗಿರಲಿಲ್ಲ. ಎರಡು ದೊಡ್ಡ ಚಕ್ರ ಮುಂದೆ, ಬಾಲದ ತುದಿಯಲ್ಲಿ ಒಂದು ಪುಟ್ಟ ಚಕ್ರ. ಮೂಗು ಮೇಲೆ, ಬಾಲ ಕೆಳಗೆ. ಮುಂಗಾಲು ಊರಿ ಕೂತ ನಾಯಿಯ ಹಾಗೆ ಕಾಣುತ್ತಿತ್ತು.

ಬೆಂಗಳೂರಿನ ವಿಮಾನ ಕೆಲಸ ಶುರುವಾದದ್ದೇ ಇಂಥವುಗಳಿಂದ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಆಗ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಸಂಸ್ಥಾನದ ಬೆಂಬಲ ಕೊಟ್ಟು ಅದನ್ನು ಇಲ್ಲಿಗೆ ತಂದರು. ಮರುವರ್ಷ ಅಲ್ಲಿ ಜೋಡಿಸಿ ಹಾರಿಸಿದ ಹಾರ್ಲೋ ವಿಮಾನಕ್ಕೆ ಬಾಲದಲ್ಲೇ ಚಕ್ರ. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲೇ ವಿನ್ಯಾಸಗೊಂಡು 1951ರ ಆಗಸ್ಟ್ 5ರಂದು ಹಾರಿದ ಎಚ್‌ಟಿ-2ಕ್ಕೂ ಅಷ್ಟೇ. 1958ರಲ್ಲಿ ಬಂದ ಪುಷ್ಪಕ್‌ಗೂ ಅಷ್ಟೇ. ನಮ್ಮ ಬಸ್ಸು ಯಲಹಂಕ ದಾಟಿ ಹೆಬ್ಬಾಳಕ್ಕೆ ಹೋಗುವಾಗ ಪಕ್ಕದಲ್ಲಿ ಸಿಗುವ ಜಕ್ಕೂರಿನಂಥ ತರಬೇತಿ ಮೈದಾನಗಳಿಗೆ ಬೇಕಾದದ್ದು ಇಂಥ ಹಗುರ ವಿಮಾನಗಳೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇದನ್ನು ತಿಳಿಯಲು ದೊಡ್ಡ ಪುಸ್ತಕ ಬೇಡ. ಜಟಕಾ ಗಾಡಿ ಸಾಕು. ನಿಮ್ಮ ದಾದಾ ಅವರನ್ನೋ ನಾನಾ ಅವರನ್ನೋ ಕೇಳಿ ನೋಡಿ. ಜಟಕಾ ಹೊಡೆಯುವವರು ಹೊರಡುವ ಮುಂಚೆ, "ಸ್ವಲ್ಪ ಮುಂದೆ ಬನ್ನಿ ಸ್ವಾಮಿ, ಅಮ್ಮಾ ನೀವು ಹಿಂದೆ ಸರೀರಿ" ಎನ್ನುತ್ತಿದ್ದರು. ಜನ ಹಿಂದೆ ಹೆಚ್ಚಾದರೆ ಮುಂದಿನ ಮರಗಳು ಮೇಲೆದ್ದು ಕುದುರೆಯ ಹೊಟ್ಟೆ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಕುದುರೆಯ ಬೆನ್ನಿಗೆ ಭಾರ. ಗಾಡಿ ಒಂದು ಅಚ್ಚಿನ ಮೇಲೆ ತೂಗುವ ತಕ್ಕಡಿ. ಬಾಲಚಕ್ರದ ವಿಮಾನವೂ ಅದೇ. ಇಲ್ಲಿ ಭಾರ ಅಚ್ಚಿಗಿಂತ ಸ್ವಲ್ಪ ಹಿಂದೆ ಇರುತ್ತದೆ. ಅದಕ್ಕೇ ಬಾಲ ನೆಲಕ್ಕೆ ಕೂರುತ್ತದೆ.

ಒಂದು ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ. ಲೆಕ್ಕಕ್ಕಾಗಿ, ವಿಮಾನದ ತೂಕ 400 ಕಿಲೋ ಎನ್ನಿ. ಮುಂದಿನ ಅಚ್ಚಿನಿಂದ ಬಾಲಚಕ್ರಕ್ಕೆ 5 ಮೀಟರ್. ಗುರುತ್ವ ಕೇಂದ್ರ ಅಚ್ಚಿನಿಂದ 30 ಸೆಂಟಿಮೀಟರ್ ಹಿಂದೆ. 400ನ್ನು 0.3ರಿಂದ ಗುಣಿಸಿ 5ರಿಂದ ಭಾಗಿಸಿದರೆ 24. ಬಾಲದ ಮೇಲೆ ಬೀಳುವ ಭಾರ 24 ಕಿಲೋ ಮಾತ್ರ, ಅಂದರೆ ಒಂದು ಅಕ್ಕಿ ಮೂಟೆ. ಒಬ್ಬ ಆಳು ಎತ್ತಬಹುದು. ಮೋಸ ಇರುವುದು ಇಲ್ಲೇ.

ಬಾಲ ಎತ್ತಿ ವಿಮಾನವನ್ನು ಸಮತಲಕ್ಕೆ ತಂದಾಗ ಏನಾಗುತ್ತದೆ? ಗುರುತ್ವ ಕೇಂದ್ರ ಅಚ್ಚಿಗಿಂತ ಎತ್ತರದಲ್ಲಿದೆ. ಆದ್ದರಿಂದ ಬಾಲ ಏರಿದಂತೆ ಅದು ಮುಂದಕ್ಕೆ ವಾಲುತ್ತದೆ. 30 ಸೆಂಟಿಮೀಟರ್ ಇದ್ದದ್ದು 15 ಆಯಿತು ಎನ್ನಿ. ಈಗ ಬಾಲದ ಭಾರ 12 ಕಿಲೋ. ಇದನ್ನು 5 ಮೀಟರಿನಿಂದ ಗುಣಿಸಿದರೆ 60. ಆ ಹೊತ್ತಿಗೆ 70 ಕಿಲೋ ತೂಕದ ಮನುಷ್ಯ ಎಂಜಿನ್ನಿನ ತಿರುಪು ಬಿಚ್ಚಲು ಮುಂದೆ ಬಂದು, ಅಚ್ಚಿನಿಂದ 1 ಮೀಟರ್ ಆಚೆ ಮೂಗಿನ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟ. 70 ಅರವತ್ತಕ್ಕಿಂತ ಹೆಚ್ಚು. ಬಾಲ ಸ್ಟ್ಯಾಂಡನ್ನು ಬಿಟ್ಟು ಮೇಲೇಳುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ, ಮುಂದೆ ನಿಂತವನು ಅದರ ಕೆಳಗೆ ಸಿಕ್ಕಿಬೀಳುತ್ತಾನೆ.

ಇದಕ್ಕೆ ತದ್ವಿರುದ್ಧವೂ ಉಂಟು. 85 ಕಿಲೋ ಎಂಜಿನ್ ಅಚ್ಚಿನಿಂದ 80 ಸೆಂಟಿಮೀಟರ್ ಮುಂದೆ ಇದೆ. ಅದನ್ನು ಕಳಚಿ ಇಳಿಸಿದಿರಿ. ಬಾಲದ 12 ಕಿಲೋ ಈಗ 25ಕ್ಕಿಂತ ಹೆಚ್ಚಾಯಿತು. ಬೆಳಿಗ್ಗೆ ಅಲ್ಲಾಡದೆ ನಿಂತಿದ್ದ ಸ್ಟ್ಯಾಂಡಿನ ಮೇಲೆ ಮಧ್ಯಾಹ್ನ ಎರಡು ಪಟ್ಟು ಭಾರ. ಸ್ಟ್ಯಾಂಡನ್ನು ಯಾರೂ ಮುಟ್ಟಿಲ್ಲ, ಬದಲಾದದ್ದು ಮೂಗಿನಲ್ಲಿ.

ಹಾಗಾಗಿ ಬಾಲಕ್ಕೆ ಕೆಳಗಿನಿಂದ ಆಸರೆ ಕೊಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಅದು ಮೇಲೇಳದಂತೆ ಸ್ಟ್ಯಾಂಡಿಗೆ ಕಟ್ಟಬೇಕು. ಸ್ಟ್ಯಾಂಡೂ ಮೇಲೇಳದಂತೆ ಅದನ್ನು ನೆಲದ ಕೊಂಡಿಗೆ ಬಿಗಿಯಬೇಕು, ಇಲ್ಲವೇ ಅದರ ಪಾದದ ಮೇಲೆ ಸಾಕಷ್ಟು ಮರಳು ಚೀಲ ಹೇರಬೇಕು. ಇದಕ್ಕೂ ಮುಂಚೆ ಎರಡೂ ದೊಡ್ಡ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಬೇಕು. ಲಾರಿ ನಿಲ್ಲುವ ಮೊದಲೇ ಕ್ಲೀನರ್ ಹುಡುಗ ಕಲ್ಲು ಹಿಡಿದು ಇಳಿಯುವುದನ್ನು ನೀವು ನೋಡಿದ್ದೀರಿ. ಬ್ರೇಕನ್ನು ಮಾತ್ರ ನಂಬಬಾರದೆಂದು ಅವನಿಗೆ ಗೊತ್ತು.

ಎತ್ತುವಾಗ ಎಲ್ಲಿ ಹಿಡಿಯಬೇಕು ಎಂಬುದು ಇನ್ನೊಂದು ಮಾತು. ಕೈಗೆ ಸುಲಭವಾಗಿ ಸಿಗುವುದು ಬಾಲದ ಅಡ್ಡ ರೆಕ್ಕೆ. ಹೊಸಬರು ಅದನ್ನೇ ಹಿಡಿಯುತ್ತಾರೆ. ಅದು ಗಾಳಿಯ ಒತ್ತಡ ತಡೆಯಲು ಮಾಡಿದ್ದೇ ಹೊರತು ನಮ್ಮ ಬೆರಳ ಒತ್ತಡಕ್ಕಲ್ಲ. ಒಳಗಿನ ತೆಳು ಪಟ್ಟಿಗಳು ಬಾಗುತ್ತವೆ. ಬಾಗಿದ್ದು ಹೊರಗೆ ಕಾಣದೆಯೂ ಇರಬಹುದು, ಅದೇ ಹೆಚ್ಚು ಅಪಾಯ. ಪುಷ್ಪಕ್‌ನಂಥ ವಿಮಾನದ ಮೈ ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆ. ಕೊಳವೆ ಇರುವ ಕಡೆ ಆಸರೆ ಕೊಟ್ಟರೆ ಸರಿ, ನಡುವೆ ಕೊಟ್ಟರೆ ಬಟ್ಟೆ ಹರಿಯುತ್ತದೆ. ಎಚ್‌ಟಿ-2 ಪೂರ್ತಿ ಲೋಹದ್ದು. ಅಲ್ಲಿಯೂ ಒಳಗೆ ಅಡ್ಡ ಚೌಕಟ್ಟು ಇರುವ ಜಾಗವೇ ಆಗಬೇಕು. ಆ ಜಾಗವನ್ನು ಆ ವಿಮಾನದ ಕೈಪಿಡಿ ಹೇಳುತ್ತದೆ. "ಹೋದ ಸಲ ಇಲ್ಲೇ ಇಟ್ಟಿದ್ದೆವು" ಎನ್ನುವುದು ಕೈಪಿಡಿಯಲ್ಲ. ಸ್ಟ್ಯಾಂಡಿನ ತಲೆ ಚಪ್ಪಟೆಯಾಗಿದ್ದರೆ ಮೈ ಪಕ್ಕಕ್ಕೆ ಜಾರುತ್ತದೆ. ಮೈಯ ದುಂಡಿಗೆ ಹೊಂದುವ ತಗ್ಗು ಇದ್ದು, ಅದಕ್ಕೆ ಮೆತ್ತೆ ಹಾಕಿರಬೇಕು.

ಇಷ್ಟು ಕಷ್ಟಪಟ್ಟು ಬಾಲ ಎತ್ತುವುದಾದರೂ ಏಕೆ? ಬಾಲಚಕ್ರದ ಬೇರಿಂಗ್, ಪಟ್ಟಿ ಸ್ಪ್ರಿಂಗ್ ನೋಡಲು. ರೆಕ್ಕೆಗಳ ಕೋನ ಅಳೆಯಲು. ಎಲ್ಲಕ್ಕಿಂತ ಮುಖ್ಯವಾಗಿ ತೂಗಲು. ವಿಮಾನವನ್ನು ಸಮತಲದಲ್ಲಿಟ್ಟು ಮೂರು ಕಡೆ ತೂಗಿ, ಗುರುತ್ವ ಕೇಂದ್ರ ಎಲ್ಲಿದೆ ಎಂದು ಲೆಕ್ಕ ಹಾಕಿ ದಾಖಲೆಯಲ್ಲಿ ಬರೆಯುತ್ತಾರೆ. ಶಿಡ್ಲಘಟ್ಟದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಗೂಡು ತುಂಬಿದ ಬುಟ್ಟಿ ತೂಗಿ, ಬುಟ್ಟಿಯ ತೂಕ ಕಳೆಯದಿದ್ದರೆ ರೀಲರ್ ಸುಮ್ಮನಿರುತ್ತಾರೆಯೇ? ಇಲ್ಲೂ ಬಾಲದ ತಕ್ಕಡಿಯ ಮೇಲಿರುವ ಸ್ಟ್ಯಾಂಡಿನ ತೂಕ ಕಳೆಯಬೇಕು. ಸ್ಟ್ಯಾಂಡ್ 10 ಕಿಲೋ ಇದ್ದು ಅದನ್ನು ಕಳೆಯದೆ ಬಿಟ್ಟರೆ, ನಮ್ಮ ಲೆಕ್ಕದ ವಿಮಾನದಲ್ಲಿ ಗುರುತ್ವ ಕೇಂದ್ರ 12 ಸೆಂಟಿಮೀಟರ್ ಹಿಂದೆ ಇದ್ದಂತೆ ಕಾಗದ ಹೇಳುತ್ತದೆ. ಸಣ್ಣ ವಿಮಾನದಲ್ಲಿ ಮುಂದಿನ ಮಿತಿಗೂ ಹಿಂದಿನ ಮಿತಿಗೂ ಇರುವ ಅಂತರ ಕೆಲವೇ ಅಂಗುಲ. ಮರುದಿನ ಬರುವ ಪೈಲಟ್ ಆ ಕಾಗದವನ್ನು ನಂಬಿ ಸಾಮಾನು ಹೇರುತ್ತಾನೆ. ತೂಗಿದವನು ಯಾರೆಂದು ಅವನಿಗೆ ಗೊತ್ತಿರುವುದಿಲ್ಲ.

ಸ್ಪ್ಯಾನರ್ ಹಿಡಿಯುವ ಕೆಲಸ ಓದದವರ ಕೆಲಸ ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಪೋಷಕರಲ್ಲಿ ನನ್ನ ವಿನಂತಿ, ಈಗ ಮಾಡಿದ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಹುಡುಗ ಹುಡುಗಿಯರಿಗೆ ವಿಮಾನ ನಿರ್ವಹಣೆಯ ತರಬೇತಿ ಇದೆ. ಪರೀಕ್ಷೆ, ಅನುಭವ ಎರಡೂ ಆದ ಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಲೈಸೆನ್ಸ್ ಕೊಡುತ್ತದೆ. ಶುಲ್ಕ ಕಡಿಮೆಯಲ್ಲ. ಬಣ್ಣದ ಜಾಹೀರಾತು ನೋಡಿ ಹೊಲ ಮಾರಿ ಹಣ ಕಟ್ಟುವ ಮೊದಲು, ಆ ಸಂಸ್ಥೆಗೆ ಮಹಾನಿರ್ದೇಶನಾಲಯದ ಮಾನ್ಯತೆ ಈಗಲೂ ಇದೆಯೇ, ಹ್ಯಾಂಗರಿನಲ್ಲಿ ಕೈಯಿಂದ ಮುಟ್ಟಲು ನಿಜವಾದ ವಿಮಾನ ಇದೆಯೇ ಎಂದು ಹೋಗಿ ನೋಡಿ ಬನ್ನಿ.

ಕೊನೆಯದಾಗಿ ಬಾಲ ಇಳಿಸುವ ವಿಷಯ. ಎತ್ತುವಾಗ ಇರುವ ಎಚ್ಚರ ಇಳಿಸುವಾಗ ಇರುವುದಿಲ್ಲ, ಸಂಜೆಯಾಗಿರುತ್ತದೆ, ಮನೆಗೆ ಹೋಗುವ ಆತುರ. ಆಜ್ಞೆ ಒಬ್ಬನೇ ಕೊಡಬೇಕು. ಕೆಳಗೆ ಸ್ಟೂಲು, ಹತಾರದ ಪೆಟ್ಟಿಗೆ, ಮನುಷ್ಯ ಯಾರೂ ಇಲ್ಲವೆಂದು ಅವನೇ ಬಗ್ಗಿ ನೋಡಬೇಕು. ಮೊದಲು ಹಗ್ಗ ಬಿಚ್ಚಿ, ಬಾಲವನ್ನು ಕೈಯಲ್ಲಿ ಎತ್ತಿ ಹಿಡಿದ ಮೇಲೆ ಸ್ಟ್ಯಾಂಡ್ ತೆಗೆದು, ನಿಧಾನವಾಗಿ ಚಕ್ರವನ್ನು ನೆಲಕ್ಕೆ ಮುಟ್ಟಿಸಬೇಕು. ಮುಂದಿನ ಚಕ್ರಗಳ ಮರದ ತುಂಡನ್ನು ತೆಗೆಯುವುದು ಎಲ್ಲ ಮುಗಿದ ಮೇಲೆ.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2 ಇದೆ. ಶಾಲಾ ಪ್ರವಾಸಕ್ಕೆ ಹೋದಾಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಿ, ಆಮೇಲೆ ಹಿಂದಕ್ಕೂ ಹೋಗಿ ಬಗ್ಗಿ ಆ ಪುಟ್ಟ ಚಕ್ರವನ್ನು ನೋಡಿ.