ತಾಳ ತಪ್ಪಿದರೆ ತಿದ್ದುವ ಮಂಡಲ



ನಾನು ಇಲ್ಲಿ ಓದುವಾಗ ಗಂಟೆ ಬಾರಿಸುತ್ತಿದ್ದ ಅಣ್ಣನವರು ದಿನಾ ಬೆಳಿಗ್ಗೆ ರೇಡಿಯೊ ವಾರ್ತೆ ಕೇಳಿ ತಮ್ಮ ಕೈಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. "ಯಾವ ಗಡಿಯಾರಾನೂ ತಾನಾಗೇ ಸರಿಯಾಗಿರಲ್ಲ ಕಣಪ್ಪ, ದಿನಾ ತಾಳೆ ನೋಡ್ಬೇಕು" ಎನ್ನುತ್ತಿದ್ದರು. ಮುಂದೆ ಬಿ.ಇ. ಓದುವಾಗ 'ಫೇಸ್ ಲಾಕ್ಡ್ ಲೂಪ್' ಎಂಬ ಪಾಠ ಬಂತು. ಏನೂ ಅರ್ಥವಾಗದೆ ಆ ವಿಷಯದಲ್ಲಿ ಫೇಲಾದೆ. ಮತ್ತೆ ಓದಲು ಕುಳಿತಾಗ ನೆನಪಾದದ್ದು ಅಣ್ಣನವರ ಈ ಮಾತು.

ರೇಡಿಯೊ, ಮೊಬೈಲ್, ಕಂಪ್ಯೂಟರ್ ಎಲ್ಲದರೊಳಗೂ ಒಂದೇ ಲಯದಲ್ಲಿ ಮಿಡಿಯುವ ಆಂದೋಲಕ ಇರುತ್ತದೆ. ಕಾಯಿಲ್, ಕೆಪಾಸಿಟರ್‌ಗಳಿಂದ ಮಾಡಿದ ಆಂದೋಲಕವನ್ನು ಬೇಕಾದ ಆವೃತ್ತಿಗೆ ತಿರುಗಿಸಬಹುದು. ಆದರೆ ಸ್ವಲ್ಪ ಬಿಸಿಯಾದರೂ ಅದು ಜಾರುತ್ತದೆ. ಸ್ಫಟಿಕದ ಹರಳು ಹಾಗಲ್ಲ. ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಮಕ್ಕಳೆ, ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡಿ ನೋಡಿ, 1 ಬರುತ್ತದೆ. ಅದೇ ಸೆಕೆಂಡಿನ ಮುಳ್ಳಿನ ಒಂದು ಹೆಜ್ಜೆ. ಹರಳು ಸ್ಥಿರ ನಿಜ, ಆದರೆ ಹಟಮಾರಿ. ತನ್ನ ಆವೃತ್ತಿ ಬಿಟ್ಟು ಕದಲುವುದಿಲ್ಲ.

ಇವೆರಡನ್ನೂ ಜೋಡಿಸುವುದೇ ಈ ಮಂಡಲ. ಬೆಂಗಳೂರು ಆಕಾಶವಾಣಿಯ 101.3 ಮೆಗಾಹರ್ಟ್ಸ್ ಎಫ್.ಎಂ. ಕೇಳಲು ಅನೇಕ ಸೆಟ್‌ಗಳಲ್ಲಿ ಆಂದೋಲಕ ಅದಕ್ಕಿಂತ 10.7 ಹೆಚ್ಚು, ಅಂದರೆ 112 ಮೆಗಾಹರ್ಟ್ಸ್‌ನಲ್ಲಿ ನಿಲ್ಲಬೇಕು. ಅದನ್ನು 1120ರಿಂದ ಭಾಗಿಸಿದರೆ 0.1 ಮೆಗಾಹರ್ಟ್ಸ್. ಹರಳಿನಿಂದ ಪಡೆದ 0.1 ಮೆಗಾಹರ್ಟ್ಸ್ ಜೊತೆ ಇದನ್ನು ಸದಾ ತಾಳೆ ನೋಡುತ್ತಾರೆ. 102.9ರ ವಿವಿಧಭಾರತಿ ಬೇಕೇ? ಭಾಗಿಸುವ ಸಂಖ್ಯೆಯನ್ನು 1136 ಮಾಡಿದರೆ ಸಾಕು.

ನಮ್ಮೂರ ಭಜನೆಯಲ್ಲಿ ಹೊಸದಾಗಿ ತಾಳ ಹಿಡಿದ ಹುಡುಗ ಏನು ಮಾಡುತ್ತಾನೆ? ಹಿರಿಯರ ತಾಳ ಕೇಳುತ್ತಾನೆ, ಮುಂದೆ ಹೋಗಿದ್ದರೆ ನಿಧಾನಿಸುತ್ತಾನೆ, ಹಿಂದೆ ಬಿದ್ದಿದ್ದರೆ ಚುರುಕಾಗುತ್ತಾನೆ. ಮಂಡಲದಲ್ಲೂ ಒಂದು ಭಾಗ ವ್ಯತ್ಯಾಸ ಅಳೆಯುತ್ತದೆ. ಎರಡನೆಯದು ಸೋಸುತ್ತದೆ, ಕ್ಷಣದ ಗದ್ದಲಕ್ಕೆಲ್ಲ ಬೆಚ್ಚಲು ಬಿಡುವುದಿಲ್ಲ. ಮೂರನೆಯದು ಆ ವೋಲ್ಟೇಜ್‌ಗೆ ತಕ್ಕಂತೆ ತನ್ನ ಲಯ ತಿದ್ದಿಕೊಳ್ಳುತ್ತದೆ. ಫ್ರಾನ್ಸಿನ ಇಂಜಿನಿಯರ್ ಆನ್ರಿ ದ ಬೆಲ್ಸೀಸ್ 1932ರಲ್ಲೇ ಈ ವಿಚಾರ ಪ್ರಕಟಿಸಿದ್ದರು. ಇಂದು ನಿಮ್ಮ ಜೇಬಿನ ಮೊಬೈಲಿನಲ್ಲೂ ಇದು ಕೆಲಸ ಮಾಡುತ್ತಿದೆ.

ಮಕ್ಕಳೆ, ಈ ಮಂಡಲ ತಪ್ಪೇ ಮಾಡದ್ದಲ್ಲ. ತಪ್ಪು ಎಷ್ಟೆಂದು ತಿಳಿದ ಕೂಡಲೇ ತಿದ್ದಿಕೊಳ್ಳುವಂಥದ್ದು. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಉತ್ತರಪತ್ರಿಕೆ ಬಚ್ಚಿಡಬೇಡಿ, ಮೇಷ್ಟ್ರ ಹತ್ತಿರ ಒಯ್ಯಿರಿ. ನಾನು ಬಚ್ಚಿಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ಮರುಪರೀಕ್ಷೆಯಲ್ಲಿ ಪಾಸಾದೆ. ನಿಮ್ಮ ಮಾತಿನಿಂದ ಪಾಸಾದೆ ಎಂದು ಅಣ್ಣನವರಿಗೆ ಹೇಳಬೇಕೆಂದಿದ್ದೆ, ರಜೆಗೆ ಬಂದಾಗ ಹೇಳಿದರಾಯಿತು ಎಂದು ಮುಂದೂಡಿದೆ. ಇಂದು ಅವರಿಲ್ಲ. ಅವರು ಬಾರಿಸುತ್ತಿದ್ದ ಗಂಟೆ ಇಲ್ಲೇ ತೂಗುತ್ತಿದೆ. ಅದರ ಎದುರೇ ಈ ಮಾತು ಹೇಳಿ ಮುಗಿಸುತ್ತೇನೆ.