ಕಾಡಿನ ಬೆಂಕಿ ಆರಿಸುವ ವಿದ್ಯೆ

(ಕಲಿಕಾ ಕೇಂದ್ರದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತು)



ಇವತ್ತು ಒಂದು ಕೆಲಸದ ಬಗ್ಗೆ ಮಾತಾಡೋಣ. ಅದು ಕಾಡಿಗೆ ಬಿದ್ದ ಬೆಂಕಿಯನ್ನು ಆರಿಸುವ ಕೆಲಸ.

ಕಾಡಂಚಿನ ಊರುಗಳಲ್ಲಿ ಎಷ್ಟೋ ಮನೆಯ ಮಕ್ಕಳು ಈ ಕೆಲಸಕ್ಕೆ ಹೋಗುತ್ತಾರೆ. ಬೇಸಿಗೆ ಹತ್ತಿರ ಬಂದರೆ ಅರಣ್ಯ ಇಲಾಖೆಯವರು ಬೆಂಕಿ ಕಾವಲಿಗೆ ಜನ ತೆಗೆದುಕೊಳ್ಳುತ್ತಾರೆ. ಮಳೆ ಬೀಳುವವರೆಗೆ ಕೆಲಸ. ದಿನಗೂಲಿ. "ಹೋಗಲಿ, ನಾಲ್ಕು ಕಾಸು ಬರುತ್ತೆ" ಅಂತ ನಾವು ಮಗನನ್ನು ಕಳಿಸುತ್ತೇವೆ. ಬುತ್ತಿ ಕಟ್ಟಿ ಕೊಡುತ್ತೇವೆ. ಆದರೆ ಒಂದು ಮಾತು ಕೇಳುವುದೇ ಇಲ್ಲ. ಈ ಕೆಲಸವನ್ನು ಅವನಿಗೆ ಯಾರಾದರೂ ಕಲಿಸಿದ್ದಾರಾ?

ಬೆಂಕಿ ಆರಿಸಲು ಧೈರ್ಯ ಒಂದಿದ್ದರೆ ಸಾಕು ಅಂತ ಜನ ತಿಳಿದಿದ್ದಾರೆ. ಸಾಲದು, ತಾಯಂದಿರೇ. ಇದೂ ಒಂದು ವಿದ್ಯೆ. ಈಜು ಕಲಿಯದವನು ಧೈರ್ಯ ಮಾಡಿ ಬಾವಿಗೆ ಇಳಿದರೆ ಏನಾಗುತ್ತೆ? ಇದೂ ಹಾಗೆಯೇ.

ಒಲೆ ಹೇಳುವ ಪಾಠ

ಬೆಂಕಿಯ ಗುಣ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಾ ಒಲೆ ಹಚ್ಚುವವರು ನೀವು. ಒಲೆ ಉರಿಯಲು ಏನು ಬೇಕು? ಒಂದು, ಸೌದೆ. ಎರಡು, ಗಾಳಿ. ಮೂರು, ಕಾವು. ಮೂರು ಕಲ್ಲಿನ ಒಲೆ ನೋಡಿದ್ದೀರಲ್ಲ? ಒಂದು ಕಲ್ಲು ತೆಗೆದರೆ ಪಾತ್ರೆ ನಿಲ್ಲುವುದಿಲ್ಲ. ಹಾಗೆಯೇ ಈ ಮೂರರಲ್ಲಿ ಒಂದು ಇಲ್ಲದಿದ್ದರೆ ಬೆಂಕಿ ಉಳಿಯುವುದಿಲ್ಲ.

ಹಾಲು ಉಕ್ಕಿ ಬಂದರೆ ಏನು ಮಾಡುತ್ತೀರಿ? ಸೌದೆಯನ್ನು ಹಿಂದಕ್ಕೆ ಎಳೆಯುತ್ತೀರಿ. ಉರಿ ತಗ್ಗುತ್ತದೆ. ಕಾಡಿನಲ್ಲೂ ಅದೇ ಕೆಲಸ. ಬೆಂಕಿ ಬರುವ ದಾರಿಯಲ್ಲಿ ಒಣಹುಲ್ಲು, ತರಗೆಲೆ, ಪೊದೆ ಎಲ್ಲವನ್ನೂ ಮೊದಲೇ ತೆಗೆಯುತ್ತಾರೆ. ನೆಲವನ್ನು ಬರಿದು ಮಾಡುತ್ತಾರೆ. ಇದಕ್ಕೆ ಬೆಂಕಿ ರೇಖೆ ಅನ್ನುತ್ತಾರೆ. ಫೈರ್ ಲೈನ್ ಅಂತಲೂ ಹೇಳುತ್ತಾರೆ. ತಿನ್ನಲು ಏನೂ ಸಿಗದೆ ಬೆಂಕಿ ಅಲ್ಲಿ ನಿಲ್ಲುತ್ತದೆ. ದಟ್ಟ ಕಾಡಿಗೆ ನೀರಿನ ಗಾಡಿ ಹೋಗುವುದು ಕಷ್ಟ. ಅಲ್ಲಿ ಕತ್ತಿ, ಗುದ್ದಲಿ, ಹಸಿ ಸೊಪ್ಪಿನ ಕೊಂಬೆಗಳೇ ಆಯುಧ.

ಊದುಗೊಳವೆಯಲ್ಲಿ ಊದಿದರೆ ಕೆಂಡ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಕಾಡಿನಲ್ಲಿ ಬೀಸುವ ಗಾಳಿಯೇ ಊದುಗೊಳವೆ. ಗಾಳಿ ದಿಕ್ಕು ತಿರುಗಿದರೆ ಬೆಂಕಿಯೂ ತಿರುಗುತ್ತದೆ. ಗಾಳಿ ಜೋರಾದರೆ ಕಿಡಿ ಹಾರಿ ಬೆಂಕಿ ರೇಖೆಯನ್ನೂ ದಾಟುತ್ತದೆ.

ಇನ್ನೊಂದು ಸಂಗತಿ. ಬೆಂಕಿಕಡ್ಡಿ ಗೀರಿ ತಲೆ ಕೆಳಗೆ ಮಾಡಿ ಹಿಡಿದರೆ ಏನಾಗುತ್ತೆ? ಉರಿ ಸರಸರ ಮೇಲೇರಿ ಬೆರಳು ಸುಡುತ್ತದೆ. ಗುಡ್ಡದಲ್ಲೂ ಬೆಂಕಿ ಹಾಗೆಯೇ. ಏರಿನಲ್ಲಿ ಬಹಳ ಬೇಗ ಓಡುತ್ತದೆ. ಆದ್ದರಿಂದ ಬೆಂಕಿ ಕೆಳಗಿದ್ದು ಮನುಷ್ಯ ಮೇಲಿದ್ದರೆ ಅಪಾಯ ಹೆಚ್ಚು.

ಸೌದೆ, ಗಾಳಿ, ಏರು. ಕಾಡಿನ ಬೆಂಕಿಯ ಅಕ್ಷರಗಳು ಇವು. ಇವನ್ನು ಓದಲು ಬಂದವರು ಕೆಲಸ ಮಾಡಿ ಮನೆಗೆ ಬರುತ್ತಾರೆ.

ಕಲಿಯದೆ ಹೋದರೆ

ಅಮೆರಿಕ ದೇಶದಲ್ಲಿ ನಡೆದ ಒಂದು ಸಂಗತಿ ಕೇಳಿ. ಅಲ್ಲಿ ಮೊಂಟಾನಾ ಅನ್ನುವ ರಾಜ್ಯವಿದೆ. 1949ರ ಆಗಸ್ಟ್ 5ರಂದು ಅಲ್ಲಿನ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಬೆಂಕಿ ಬಿದ್ದಿತ್ತು. ಆರಿಸಲು 15 ಜನ ವಿಮಾನದಿಂದ ಕೊಡೆ ಬಿಚ್ಚಿಕೊಂಡು ಇಳಿದರು. ಇನ್ನೊಬ್ಬ ಅರಣ್ಯ ಕಾವಲುಗಾರ ಅವರನ್ನು ಸೇರಿಕೊಂಡ. ಹೆಚ್ಚಿನವರು ಎಳೆಯ ಹುಡುಗರು. ಕಾಲೇಜಿನಲ್ಲಿ ಓದುತ್ತಿದ್ದವರೂ ಇದ್ದರು.

ಗಾಳಿ ಜೋರಾಯಿತು. ಬೆಂಕಿ ಕೆಳಗಿನಿಂದ ಎದ್ದು ಗುಡ್ಡ ಹತ್ತಿ ಬಂತು. ಸುತ್ತ ಒಣಹುಲ್ಲು. ಎಲ್ಲರೂ ಮೇಲಕ್ಕೆ ಓಡಿದರು. ಅವರ ನಾಯಕ ಡಾಡ್ಜ್ ಎಂಬಾತ ಓಡುವುದನ್ನು ನಿಲ್ಲಿಸಿ, ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದ. ಹುಲ್ಲು ಸುಟ್ಟು ಕರಿ ನೆಲವಾಯಿತು. ಆ ಬೂದಿಯ ಮೇಲೆ ಬೋರಲು ಮಲಗಿದ. "ಇಲ್ಲಿ ಬನ್ನಿ" ಅಂತ ಉಳಿದವರನ್ನೂ ಕರೆದ. ಯಾರೂ ಬರಲಿಲ್ಲ. ಆ ಉಪಾಯವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಡಾಡ್ಜ್ ಬದುಕಿದ. ಬಂಡೆಗಳ ಸಂದಿಯಲ್ಲಿ ನುಸುಳಿ ಇನ್ನಿಬ್ಬರು ಬದುಕಿದರು. 13 ಜನ ಸತ್ತರು.

ಬೂದಿ ಮತ್ತೆ ಉರಿಯುವುದಿಲ್ಲ. ಇದು ನಮ್ಮ ಒಲೆಯಲ್ಲಿ ದಿನವೂ ಕಾಣುವ ಸತ್ಯ. ಆದರೆ ಪ್ರಾಣ ಹೋಗುವ ಗಳಿಗೆಯಲ್ಲಿ ಅದು ನೆನಪಾಗಬೇಕಾದರೆ ಮೊದಲೇ ಕಲಿತಿರಬೇಕು, ಅಭ್ಯಾಸ ಇರಬೇಕು. ಆ 13 ಜನರಿಗೆ ಧೈರ್ಯ ಇರಲಿಲ್ಲವೇ? ವಿಮಾನದಿಂದ ಹಾರಿದವರು ಅವರು!

ಅವರು ಹೇಗೆ ಕಲಿಸುತ್ತಾರೆ?

ಇಂಥ ಸಾವುಗಳಿಂದ ಅವರು ಪಾಠ ಕಲಿತರು. 1957ರಲ್ಲಿ ಹತ್ತು ನಿಯಮ ಮಾಡಿದರು. ಈಗ ಅಲ್ಲಿ 18 ವರ್ಷ ತುಂಬಿದವರನ್ನು ಮಾತ್ರ ಸರ್ಕಾರದ ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಮೊದಲು ತರಗತಿಯಲ್ಲಿ ಪಾಠ. ಆಮೇಲೆ ಬಯಲಿನಲ್ಲಿ ಅಭ್ಯಾಸ. ನಡಿಗೆಯ ಪರೀಕ್ಷೆಯೂ ಉಂಟು. ಬೆನ್ನಿಗೆ ಸುಮಾರು 20 ಕಿಲೋ ಹೊರೆ. 45 ನಿಮಿಷದಲ್ಲಿ ಸುಮಾರು 5 ಕಿಲೋಮೀಟರ್ ನಡೆಯಬೇಕು. ಓಡುವಂತಿಲ್ಲ. ಸೌದೆ ಹೊರೆ ಹೊತ್ತು ಬಂದ ನಿಮಗೆ ಆ ಭಾರ ಗೊತ್ತು.

ಅಲ್ಲಿ ಕಲಿಸುವ ನಾಲ್ಕು ಮಾತು ಹೇಳುತ್ತೇನೆ. ಎಲ್ಲರೂ ನೆನಪಿಡಿ.

1. ಬೆಂಕಿಯ ಮೇಲೆ ಕಣ್ಣಿಡಲು ಒಬ್ಬರು ಕಾವಲಿಗೆ ಇರಬೇಕು.
2. ಎಲ್ಲರಿಗೂ ಒಬ್ಬರ ಮಾತು ಒಬ್ಬರಿಗೆ ತಲುಪುತ್ತಿರಬೇಕು.
3. ತಪ್ಪಿಸಿಕೊಳ್ಳುವ ದಾರಿ ಮೊದಲೇ ಗೊತ್ತಿರಬೇಕು.
4. ಆ ದಾರಿ ಮುಟ್ಟುವ ಕಡೆ ಬೆಂಕಿ ಬಾರದ ಜಾಗ ಇರಬೇಕು.

ಇದು ಗಂಡಸರ ಕೆಲಸ ಅಂತ ಅಲ್ಲಿಯೂ ಹೇಳುತ್ತಿದ್ದರು. 1981ರಲ್ಲಿ ಡಿಯಾನ್ ಶುಲ್ಮನ್ ಎಂಬ ಹೆಣ್ಣುಮಗಳು ತರಬೇತಿ ಮುಗಿಸಿ, ವಿಮಾನದಿಂದ ಇಳಿದು ಬೆಂಕಿ ಆರಿಸುವ ಪಡೆಗೆ ಸೇರಿದರು. ಆ ಪಡೆಯ ಮೊದಲ ಹೆಂಗಸು ಅವರೇ.

ನಮ್ಮ ಕಾಡು, ನಮ್ಮ ಮಕ್ಕಳು

ಈಗ ನಮ್ಮ ನಾಡಿಗೆ ಬರೋಣ. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಯುವ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರ ಹಲವು ದಿನ ಉರಿಯಿತು. ಸಾವಿರಾರು ಎಕರೆ ಸುಟ್ಟಿತು. ಇಲಾಖೆಯವರ ಜೊತೆ ಊರಿನವರೂ ದೂರದ ಸ್ವಯಂಸೇವಕರೂ ಸೊಪ್ಪು ಹಿಡಿದು ಬಡಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಕಾಡಿನಲ್ಲಿ ಬೆಂಕಿ ಬಹುಮಟ್ಟಿಗೆ ಮನುಷ್ಯರಿಂದಲೇ ಬೀಳುತ್ತದೆ. ಒಂದು ಬೀಡಿಯ ತುಂಡು ಸಾಕು.

ನಮ್ಮಲ್ಲೂ ಈ ಕೆಲಸಕ್ಕೆ ಓದಿನ ದಾರಿ ಇದೆ. ಅರಣ್ಯ ವೀಕ್ಷಕರಾಗಲು ಎಸ್.ಎಸ್.ಎಲ್.ಸಿ. ಓದಿರಬೇಕು. ಗಸ್ತು ಅರಣ್ಯ ಪಾಲಕರಾಗಲು ಪಿ.ಯು.ಸಿ. ಓದಿರಬೇಕು. ದೇಹಬಲದ ಪರೀಕ್ಷೆಯೂ ಇರುತ್ತದೆ. ಧಾರವಾಡದ ಹತ್ತಿರ ಗುಂಗರಗಟ್ಟಿಯಲ್ಲಿ ಅರಣ್ಯ ಅಕಾಡೆಮಿ ಇದೆ. ಇನ್ನೂ ಹೆಚ್ಚು ಓದುವವರಿಗೆ ಕೊಡಗಿನ ಪೊನ್ನಂಪೇಟೆಯಲ್ಲಿ, ಉತ್ತರ ಕನ್ನಡದ ಶಿರಸಿಯಲ್ಲಿ ಅರಣ್ಯ ಕಾಲೇಜುಗಳಿವೆ. ಹೆಣ್ಣುಮಕ್ಕಳಿಗೂ ಮೀಸಲು ಇದೆ. ಖಾಕಿ ತೊಟ್ಟು ಕಾಡಿನಲ್ಲಿ ಗಸ್ತು ತಿರುಗುವ ಹೆಣ್ಣುಮಕ್ಕಳು ನಮ್ಮ ರಾಜ್ಯದಲ್ಲಿ ಈಗಲೇ ಇದ್ದಾರೆ.

ಓದು ಏಕೆ ಬೇಕು ಅಂತೀರಾ? ಕಾಡಿನಲ್ಲಿ ಬೆಂಕಿ ಎದ್ದರೆ ಉಪಗ್ರಹ ಅದನ್ನು ಆಕಾಶದಿಂದ ನೋಡುತ್ತದೆ. ಡೆಹರಾಡೂನಿನ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ. ಓದಲು ಬಾರದಿದ್ದರೆ ಸಂದೇಶ ಬಂದೂ ಬಾರದ ಹಾಗೆ. ಆದ್ದರಿಂದ ಕಾವಲಿನ ಕೂಲಿಯ ಆಸೆಗೆ ಹತ್ತನೇ ತರಗತಿಯ ಹುಡುಗನನ್ನು ಶಾಲೆ ಬಿಡಿಸಬೇಡಿ. ಮೂರು ತಿಂಗಳ ಕೂಲಿ ಮುಗಿದುಹೋಗುತ್ತದೆ. ಓದಿದರೆ ಅದೇ ಕಾಡಿನಲ್ಲಿ ಕಾಯಂ ಕೆಲಸಕ್ಕೆ ಅರ್ಜಿ ಹಾಕಬಹುದು.

ಕಳಿಸುವ ಮೊದಲು ಕೇಳಿ

ದೊಡ್ಡ ಮಗ ಈ ವರ್ಷವೇ ಕಾವಲಿಗೆ ಹೋಗುತ್ತಾನೆ ಅಂತ ಇಟ್ಟುಕೊಳ್ಳಿ. ಆಗ ನೀವು ಇಬ್ಬರು ಮೂವರು ಜೊತೆಯಾಗಿ ರೇಂಜ್ ಆಫೀಸಿಗೆ ಹೋಗಿ. ಹೆದರಬೇಡಿ. ಹೀಗೆ ಕೇಳಿ: "ಸ್ವಾಮಿ, ನಮ್ಮ ಹುಡುಗರಿಗೆ ತರಬೇತಿ ಯಾವಾಗ ಕೊಡುತ್ತೀರಿ? ಕಾಲಿಗೆ ಬೂಟು ಕೊಡುತ್ತೀರಾ? ವಿಮೆ ಮಾಡಿಸಿದ್ದೀರಾ? ಗುಂಪಿಗೆ ತಿಳಿದವರು ಒಬ್ಬರು ಮುಂದೆ ಇರುತ್ತಾರಾ?" ತಾಯಿ ಕೇಳುವ ಮಾತಿಗೆ ಯಾರೂ ತಪ್ಪು ತಿಳಿಯಬಾರದು.

ಮನೆಯಲ್ಲಿ ನೀವು ಮಾಡುವುದೂ ಇದೆ. ಹತ್ತಿ ಬಟ್ಟೆ ತೊಡಿಸಿ ಕಳಿಸಿ. ನೈಲಾನ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಕುಡಿಯುವ ನೀರು ಹೆಚ್ಚಾಗಿ ಕೊಡಿ. "ಗಾಳಿ ತಿರುಗಿದರೆ ಹಿಂದಕ್ಕೆ ಬಾ, ಒಬ್ಬನೇ ಹೋಗಬೇಡ" ಅಂತ ಹೇಳಿ. ಹಿಂದಕ್ಕೆ ಬಂದವನನ್ನು ಹೇಡಿ ಅನ್ನಬೇಡಿ. ಯಾವಾಗ ಹಿಂದಕ್ಕೆ ಬರಬೇಕು ಅಂತ ತಿಳಿಯುವುದೇ ಈ ವಿದ್ಯೆಯ ಮೊದಲ ಪಾಠ. ಸುಟ್ಟ ಕಾಡು ಮಳೆ ಬಂದರೆ ಚಿಗುರುತ್ತದೆ. ಹೋದ ಮಗ ತಿರುಗಿ ಬರುವುದಿಲ್ಲ.

 

ಓದಿ, ಮಾತಾಡಿ

1. ಬೆಂಕಿ ಉರಿಯಲು ಬೇಕಾದ ಮೂರು ಯಾವುವು?
2. ಡಾಡ್ಜ್ ಕರೆದರೂ ಉಳಿದವರು ಏಕೆ ಹೋಗಲಿಲ್ಲ?
3. ರೇಂಜ್ ಆಫೀಸಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ನಿಮ್ಮ ಕೈಯಲ್ಲೇ ಬರೆಯಿರಿ.