ಕಾಫಿಗೆ ಮುಂಚಿನ ಅರ್ಧ ಗಂಟೆ



ಈ ಹೊತ್ತಿಗೆ ವಿಜಯನಗರದ ನಮ್ಮ ಅಣ್ಣನ ಮನೆಯಲ್ಲಿ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುತ್ತಿರುತ್ತದೆ. ಮನೆಯವರೆಲ್ಲ ಲೋಟ ಹಿಡಿದಿದ್ದರೂ ಅತ್ತಿಗೆ ಮಾತ್ರ ಕಾಯುತ್ತಿರುತ್ತಾರೆ. ಎದ್ದ ಕೂಡಲೇ ಬರೀ ನೀರಿನಲ್ಲಿ ಒಂದು ಪುಟ್ಟ ಮಾತ್ರೆ ನುಂಗಿ, ರೇಡಿಯೊ ಹಾಕಿಕೊಂಡು ಕೂತಿರುತ್ತಾರೆ. ಭಕ್ತಿಗೀತೆ ಮುಗಿದು ಈ ಚಿಂತನವೂ ಮುಗಿದರೆ ಕಾಫಿಗೆ ಹೊತ್ತಾಯಿತು ಅಂತ ಅವರ ಲೆಕ್ಕ. ಮಾತ್ರೆಗೂ ಕಾಫಿಗೂ ನಡುವೆ ಅರ್ಧ ಗಂಟೆಯಾದರೂ ಬೇಕು, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಔಷಧಿ ಪೂರ್ತಿ ಮೈಗೆ ಹತ್ತುವುದಿಲ್ಲ.

ಅತ್ತಿಗೆಗೆ ಥೈರಾಯ್ಡ್ ಕ್ಯಾನ್ಸರ್ ಆಗಿತ್ತು. ಕತ್ತಿನಲ್ಲಿ ಗಂಟು ಕಂಡಾಗ ನಮ್ಮ ದೊಡ್ಡಮ್ಮ, "ಗಳಗಂಡ ಇರಬೇಕು, ಹೆದರಬೇಡಿ" ಅಂದಿದ್ದರು. ಆಪರೇಷನ್‌ನಲ್ಲಿ ಇಡೀ ಗ್ರಂಥಿಯನ್ನು ತೆಗೆದರು; ಅದು ಕೊಡುತ್ತಿದ್ದ ಹಾರ್ಮೋನಿನ ಬದಲಿಗೇ ಈ ಥೈರಾಕ್ಸಿನ್ ಮಾತ್ರೆ. ಆಮೇಲೆ ವಿಕಿರಣ ಅಯೋಡಿನ್. ಅದಕ್ಕೆ ಮುಂಚೆ ಕೆಲವು ವಾರ ಮಾತ್ರೆ ನಿಲ್ಲಿಸಿದ್ದರು, ಅಯೋಡಿನ್ ಇಲ್ಲದ ಉಪ್ಪಿನ ಅಡುಗೆ ಬೇರೆ. ಹಾರ್ಮೋನ್ ಇಲ್ಲದ ಮೈಗೆ ಚಳಿ; ಏಪ್ರಿಲ್ ಬಿಸಿಲಿನಲ್ಲೂ ಅತ್ತಿಗೆ ಸ್ವೆಟರ್ ಹಾಕಿಕೊಂಡು ಓಡಾಡಿದರು. ಅದೂ ಮುಗಿಯಿತು. ಈ ಕ್ಯಾನ್ಸರ್ ಬಹುಪಾಲು ಜನರಲ್ಲಿ ಗುಣವಾಗುವಂಥದ್ದು. ಗೆದ್ದು ಬಂದರು ಅಂತ ನೆಂಟರೆಲ್ಲ ಸಂತೋಷಪಟ್ಟು ಅವರವರ ಕೆಲಸಕ್ಕೆ ಹೋದರು. ಮಾತ್ರೆಯ ಅಳತೆಯ ಕಷ್ಟ ಶುರುವಾದದ್ದೇ ಅಲ್ಲಿಂದ.

ನಮ್ಮ ಕಡೆ ಹೆಂಗಸರಿಗೆ ಗ್ರಾಂ ಅಂದರೆ ಚಿನ್ನದಂಗಡಿಯ ಲೆಕ್ಕ. ಒಂದೇ ಒಂದು ಗ್ರಾಂ ಥೈರಾಕ್ಸಿನ್ ಇದ್ದರೆ, ದಿನಕ್ಕೆ 100 ಮೈಕ್ರೋಗ್ರಾಂನಂತೆ ಒಬ್ಬರಿಗೆ 27 ವರ್ಷ ಸಾಕು! ಅಷ್ಟು ಸೂಕ್ಷ್ಮದ ವಸ್ತು ಅದು. ಇದರಲ್ಲಿ 25 ಮೈಕ್ರೋಗ್ರಾಂ ಹೆಚ್ಚುಕಮ್ಮಿಯಾದರೂ ಮೈಗೆ ಗೊತ್ತಾಗಿಬಿಡುತ್ತದೆ.

ಅತ್ತಿಗೆಗೆ ಮೊದಲು 150 ಬರೆದುಕೊಟ್ಟಿದ್ದರು. ಕೆಲವು ತಿಂಗಳಲ್ಲಿ ಅವರಿಗೆ ನಿದ್ದೆ ಹೋಯಿತು. ಕೈ ನಡುಗುತ್ತಿತ್ತು. ಕೂತಲ್ಲೇ ಎದೆ ಹೊಡೆದುಕೊಳ್ಳುತ್ತಿತ್ತು. ಎಂದೂ ದನಿ ಏರಿಸದವರು ಮಕ್ಕಳ ಮೇಲೆ ರೇಗುತ್ತಿದ್ದರು, ಆಮೇಲೆ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದರು. ನಾವು ಏನಂದುಕೊಂಡೆವು ಗೊತ್ತೇ? ಕಾಯಿಲೆ ಬಂದ ಮೇಲೆ ಸ್ವಭಾವ ಕೆಟ್ಟಿತು ಅಂತ. ನಾನೂ ಹಾಗೇ ಅಂದುಕೊಂಡೆ. ಧ್ಯಾನ ಮಾಡಿ ಅತ್ತಿಗೆ ಅಂತ ಬುದ್ಧಿ ಹೇಳಿದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ತಪ್ಪು ಸ್ವಭಾವದ್ದಲ್ಲ, ಮಾತ್ರೆಯ ಅಳತೆಯದು: ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 0.02 ಬಂದಿತ್ತು.

ಈ ಟಿಎಸ್‌ಎಚ್ ಸಂಖ್ಯೆಯನ್ನು ಓದುವಾಗ ಅನೇಕರು ಎಡವುತ್ತಾರೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಅದು ಇನ್ನಷ್ಟು ಕೊಡು ಅಂತ ಕೂಗುತ್ತದೆ. ಆ ಕೂಗೇ ಟಿಎಸ್‌ಎಚ್. ಹಾರ್ಮೋನ್ ಸಾಕಷ್ಟಿದ್ದರೆ ಕೂಗು ತಗ್ಗುತ್ತದೆ. ಹಾಗಾಗಿ ಮಾತ್ರೆ ಹೆಚ್ಚಾದಷ್ಟೂ ಈ ಸಂಖ್ಯೆ ಇಳಿಯುತ್ತದೆ. ಕ್ಯಾನ್ಸರ್ ಆದವರಲ್ಲಿ ಇನ್ನೊಂದು ಭಯ ಇದೆ. ಎಲ್ಲೋ ಉಳಿದುಕೊಂಡ ರೋಗದ ಜೀವಕೋಶಗಳಿಗೂ ಆ ಕೂಗು ಕೇಳಿಸಿ ಅವು ಬೆಳೆಯಬಹುದು. ಅದಕ್ಕೇ ವೈದ್ಯರು ಬೇಕೆಂದೇ ತುಸು ಹೆಚ್ಚು ಮಾತ್ರೆ ಕೊಟ್ಟು ಕೂಗನ್ನು ಅಡಗಿಸುತ್ತಾರೆ. ರೋಗ ಮರುಕಳಿಸುವ ಅಪಾಯ ಹೆಚ್ಚಿದ್ದವರಿಗೆ 0.1ಕ್ಕಿಂತ ಕೆಳಗೆ ಇಡುವುದುಂಟು. ಅಪಾಯ ಕಡಿಮೆ ಇದ್ದವರಿಗೆ 0.5ರಿಂದ 2ರವರೆಗೆ ಇದ್ದರೂ ನಡೆಯುತ್ತದೆ. ಅಳತೆ ಒಬ್ಬೊಬ್ಬರಿಗೂ ಬೇರೆ.

ಲ್ಯಾಬಿನ ಕಾಗದಕ್ಕೆ ಇದೊಂದೂ ಗೊತ್ತಿರುವುದಿಲ್ಲ. ಅದು ಎಲ್ಲರಿಗೂ ಒಂದೇ ಗೆರೆ ಎಳೆದು, ಕಡಿಮೆ ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಬಿಡುತ್ತದೆ. ಅದನ್ನು ನೋಡಿ ಗಾಬರಿಯಾಗಿ ತಾವೇ ಮಾತ್ರೆ ಮುರಿದು ಅರ್ಧ ನುಂಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಆಪರೇಷನ್ನಿನ ಕಾಗದವನ್ನೂ ಜೊತೆಗೆ ಒಯ್ಯಿರಿ.

ಹಾಗಂತ ಕೂಗನ್ನು ಸದಾಕಾಲ ಅಡಗಿಸಿಯೇ ಇಡುವುದೂ ತರವಲ್ಲ. ಗುಂಡಿಗೆಯ ಬಡಿತದ ತಾಳ ತಪ್ಪಬಹುದು. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯಬಹುದು. ವರ್ಷಗಳು ಕಳೆದು ರೋಗ ಮರಳುವ ಸೂಚನೆ ಇಲ್ಲದಿದ್ದರೆ ವೈದ್ಯರು ಬಿಗಿಯನ್ನು ಮೆಲ್ಲಗೆ ಸಡಿಲಿಸುತ್ತಾರೆ.

ಕೆಂಗೇರಿ ಉಪನಗರದ ನಮ್ಮ ಪರಿಚಯದ ಅಮ್ಮ ಒಬ್ಬರದು ಬೇರೆಯದೇ ಕಥೆ. ಎರಡು ಸಲ ಡೋಸ್ ಏರಿಸಿದರೂ ಅವರ ಸುಸ್ತು ಹೋಗಲಿಲ್ಲ. ಕಡೆಗೆ ಒಬ್ಬ ನರ್ಸ್, "ಹೇಗೆ ತಗೋತೀರಮ್ಮ?" ಅಂತ ಕೇಳಿದರು. ಮರೆತುಹೋದೀತು ಅಂತ ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೇ ನುಂಗುತ್ತಿದ್ದರಂತೆ. ಕ್ಯಾಲ್ಸಿಯಂ ಆಗಲಿ, ಕಬ್ಬಿಣದ ಮಾತ್ರೆ ಆಗಲಿ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇರಬೇಕು. ಆ ಒಂದು ಪ್ರಶ್ನೆಯನ್ನು ಮೊದಲೇ ಯಾರಾದರೂ ಕೇಳಿದ್ದರೆ ಅವರಿಗೆ ವರ್ಷವೊಂದು ಉಳಿಯುತ್ತಿತ್ತು.

ಅತ್ತಿಗೆಯ ಮಾತ್ರೆಯನ್ನು 125ಕ್ಕೆ ಇಳಿಸಿದರು. ಮೂರನೇ ದಿನವೇ ಅಣ್ಣ, "ಏನೂ ವ್ಯತ್ಯಾಸ ಇಲ್ಲವಲ್ಲ" ಅಂದ. ನುಂಗಿದ ಥೈರಾಕ್ಸಿನ್‌ನ ಅರ್ಧ ಭಾಗ ಕರಗುವುದಕ್ಕೇ ಸುಮಾರು ಒಂದು ವಾರ ಬೇಕು. ಹೊಸ ಅಳತೆ ಒಳಗೆ ನೆಲೆಯಾಗಲು ಆರು ವಾರ. ಅದಕ್ಕೆ ಮುಂಚೆ ರಕ್ತ ಕೊಟ್ಟರೆ ಬರುವ ಉತ್ತರ ನಂಬುವಂಥದ್ದಲ್ಲ. ಅತ್ತಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆರು ವಾರ ಎಣಿಸಿ ಒಂದು ಸೊನ್ನೆ ಬರೆದಿಟ್ಟರು. ಆ ಆರು ವಾರ ಮನೆಯವರೆಲ್ಲ ಅವರ ಸಿಟ್ಟನ್ನು ಮೈಯ ಸಿಟ್ಟು ಅಂತ ತಿಳಿದು ನಡೆದುಕೊಂಡೆವು. ಅಣ್ಣ ಸಂಜೆಯ ಅಡುಗೆ ಹಿಡಿದ. ಐದನೇ ವಾರ ಒಂದು ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿ, "ಕಣ್ತುಂಬ ನಿದ್ದೆ ಬಂತು ಕಣೇ" ಅಂದರು. ಅದನ್ನು ಹೇಳುವಾಗ ಅವರ ದನಿ ಹಳೆಯ ದನಿಯಾಗಿತ್ತು.

ಹೋದ ತಿಂಗಳು ಮತ್ತೆ ಅಳತೆ ಬದಲಾಗಿದೆ, ಈಗ 112. ಕ್ಯಾಲೆಂಡರಿನಲ್ಲಿ ಹೊಸ ಸೊನ್ನೆ ಬಿದ್ದಿದೆ.

ಅತ್ತಿಗೆ, ಅರ್ಧ ಗಂಟೆ ಆಗಿರಬೇಕು. ಹಾಲಿಟ್ಟುಕೊಳ್ಳಿ.